ಪಾದ ಮಾತಾಡುವ ದೇಹ

ಕ್ರಿ.ಪೂ. 494ರಲ್ಲಿ ರೋಮಿನ ಸಾಮಾನ್ಯ ಪ್ರಜೆಗಳು ಸಾಲದ ಹೊರೆ ತಾಳಲಾರದೆ ಊರು ಬಿಟ್ಟು ಹೊರಟರು, ನಗರದಾಚೆಯ ಬೆಟ್ಟದ ಮೇಲೆ ಹೋಗಿ ಕೂತರು. ಅವರನ್ನು ಒಲಿಸಿ ಕರೆತರಲು ಸೆನೆಟ್ ಸಭೆ ಮೆನೇನಿಯಸ್ ಅಗ್ರಿಪ್ಪ ಎಂಬ ಮಾತುಗಾರನನ್ನು ಕಳಿಸಿತು. ಅವನು ಒಂದು ಕಥೆ ಹೇಳಿದ. ಒಮ್ಮೆ ಕೈ, ಬಾಯಿ, ಹಲ್ಲುಗಳಿಗೆಲ್ಲ ಹೊಟ್ಟೆಯ ಮೇಲೆ ಸಿಟ್ಟು ಬಂತಂತೆ: ದುಡಿಯುವವರು ನಾವು, ಕೂತು ತಿನ್ನುವುದು ಇದು. ಕೈ ತುತ್ತೆತ್ತಲಿಲ್ಲ, ಬಾಯಿ ತೆರೆಯಲಿಲ್ಲ, ಹಲ್ಲು ಅಗಿಯಲಿಲ್ಲ. ನೋಡನೋಡುತ್ತ ಇಡೀ ದೇಹವೇ ಸೊರಗಿತು. ಹೊಟ್ಟೆಯೂ ದುಡಿಯುತ್ತದೆ, ಉಂಡದ್ದನ್ನು ಅರಗಿಸಿ ಎಲ್ಲ ಅಂಗಗಳಿಗೂ ಹಂಚುತ್ತದೆ ಎಂಬುದು ಆಗ ತಿಳಿಯಿತಂತೆ. ಇತಿಹಾಸಕಾರ ಲಿವಿ ಬರೆದಿರುವ ಪ್ರಕಾರ ಕಥೆ ಕೇಳಿದ ಜನರ ಮನಸ್ಸು ಕರಗಿತು.

ಈ ಕಥೆಯ ಮೇಲೆ ಹೊಸೂರಿನ ಮೂಕಂಡಪಲ್ಲಿಯ ಒಂದು ಮನೆಯ ಜಗಲಿಯಲ್ಲಿ ವಾದ ಹತ್ತಿಕೊಂಡಿತ್ತು. ಒಂದು ಕಡೆ ಗಡಿಭಾಗದ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ತಮ್ಮ ಸಭೆಯಲ್ಲಿ ಬೈಬಲ್ ಅಧ್ಯಯನ ನಡೆಸಿಕೊಡುವವರು. ಇನ್ನೊಂದು ಕಡೆ ಅವರ ಹಳೆಯ ವಿದ್ಯಾರ್ಥಿನಿ. ಸಿಪ್‌ಕಾಟ್‌ನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ, ಜೊತೆಗೆ ಅಂಚೆ ಶಿಕ್ಷಣದಲ್ಲಿ ಇತಿಹಾಸದ ಎಂ.ಎ. ಆಕೆ ಚರ್ಚಿಗೆ ಸೇರಿದವಳಲ್ಲ. ಓದಿದ್ದನ್ನು ಪ್ರಶ್ನಿಸದೆ ಬಿಡುವವಳೂ ಅಲ್ಲ.

"ಈ ಕಥೇಲಿ ಗೆದ್ದದ್ದು ಯಾರು ಮೇಷ್ಟ್ರೇ? ಹೊಟ್ಟೆ," ಎಂದಳು ಆಕೆ. "ಕೈಗೆ ಸಿಕ್ಕಿದ್ದು ಮತ್ತೆ ಅದೇ ಕೆಲಸ. ನಿಮ್ಮ ಪೌಲನೂ ಸಭೆ ಅಂದ್ರೆ ಒಂದು ದೇಹ ಅಂತ ಬರೆದಿದಾನಂತೆ. ಅದೂ ಇದೇ ಬುದ್ಧಿವಾದ ತಾನೆ?"

"ಕೈಗೆ ಇನ್ನೊಂದೂ ಸಿಕ್ಕಿತಮ್ಮ, ಅದನ್ನ ಬಿಡಬೇಡ," ಎಂದರು ಮೇಷ್ಟ್ರು. "ಆ ಜನ ಬರೀ ಕಥೆ ಕೇಳಿ ವಾಪಸು ಬರಲಿಲ್ಲ. ತಮ್ಮ ಪರವಾಗಿ ನಿಲ್ಲೋ ಟ್ರಿಬ್ಯೂನ್ ಅನ್ನೋ ಅಧಿಕಾರಿಗಳನ್ನ ಪಡೆದುಕೊಂಡು ಬಂದರು. ಆದರೆ ನಿನ್ನ ಮಾತು ನಿಜ. ಆ ಕಾಲದಲ್ಲಿ ದೇಹದ ಹೋಲಿಕೆ ಕೊಡೋರೆಲ್ಲ ಮೇಲೆ ಕೂತೋರೇ. ಕೆಳಗಿರೋನು ಕೆಳಗೇ ಇರಲಿ, ಅದರಿಂದ ಎಲ್ಲರಿಗೂ ಒಳ್ಳೇದು ಅನ್ನೋದಕ್ಕೆ ಅದು ಬಳಕೆಯಾಗ್ತಿತ್ತು."

ಅವರು ಕೊಟ್ಟ ಇನ್ನೊಂದು ಉದಾಹರಣೆ ಸೆನೆಕಾನದು. ಕ್ರಿ.ಶ. 55-56ರ ಸುಮಾರಿಗೆ ಆ ತತ್ತ್ವಜ್ಞಾನಿ ದಯೆಯ ವಿಷಯವಾಗಿ ಒಂದು ಗ್ರಂಥ ಬರೆದು ಚಕ್ರವರ್ತಿ ನೀರೋಗೆ ಅರ್ಪಿಸಿದ. ಸಾಮ್ರಾಜ್ಯ ಒಂದು ದೇಹ, ಅದನ್ನು ನಡೆಸುವ ಚೇತನ ಚಕ್ರವರ್ತಿ. ಆದ್ದರಿಂದ ಪ್ರಜೆಗಳ ಮೇಲೆ ದಯೆ ತೋರಿದರೆ ತನ್ನ ಮೇಲೆಯೇ ದಯೆ ತೋರಿದಂತೆ ಎಂಬುದು ಅಲ್ಲಿನ ವಾದ. ನೀರೋಗೆ ಆಗ ಹದಿನೆಂಟು ವರ್ಷ. ಈ ಸೆನೆಕಾನ ಅಣ್ಣನ ಹೆಸರು ಗಲ್ಲಿಯೋ. ಕ್ರಿ.ಶ. 51-52ರ ಹೊತ್ತಿಗೆ ಗ್ರೀಸಿನ ಅಖಾಯ ಪ್ರಾಂತ್ಯಕ್ಕೆ ಅವನು ರಾಜ್ಯಪಾಲನಾಗಿದ್ದ ಎಂಬುದಕ್ಕೆ ದೆಲ್ಫಿಯಲ್ಲಿ ಸಿಕ್ಕ ಶಾಸನ ಸಾಕ್ಷಿ. ಗುಡಾರ ಹೊಲಿದು ಹೊಟ್ಟೆ ಹೊರೆಯುತ್ತಿದ್ದ ಯೆಹೂದ್ಯ ಬೋಧಕನೊಬ್ಬನನ್ನು ಕೊರಿಂಥ ಪಟ್ಟಣದಲ್ಲಿ ಜನ ಎಳೆದುತಂದು ನಿಲ್ಲಿಸಿದ್ದು ಇದೇ ಗಲ್ಲಿಯೋನ ನ್ಯಾಯಪೀಠದ ಮುಂದೆ. ಗಲ್ಲಿಯೋ ಆ ದೂರನ್ನು ಕೇಳದೆಯೇ ತಳ್ಳಿಹಾಕಿದ. ಆ ಬೋಧಕನೇ ಪೌಲ.

ಒಂದೇ ಕಾಲ, ಒಂದೇ ಸಾಮ್ರಾಜ್ಯ. ತಮ್ಮನಾದ ಸೆನೆಕಾ ಅರಮನೆಯಲ್ಲಿ ಕೂತು ದೇಹದ ಹೋಲಿಕೆಯನ್ನು ಚಕ್ರವರ್ತಿಗೆ ಕೊಟ್ಟ. ಅಣ್ಣನ ಎದುರು ನಿಂತಿದ್ದ ಕೂಲಿಯವನು ಅದೇ ಹೋಲಿಕೆಯನ್ನು ಸುಮಾರು ಕ್ರಿ.ಶ. 54ರಲ್ಲಿ ಎಫೆಸದಿಂದ ಕೊರಿಂಥದ ಒಂದು ಸಣ್ಣ ಗುಂಪಿಗೆ ಬರೆದು ಕಳಿಸಿದ. ಮೇಷ್ಟ್ರ ಮಾತೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿತ್ತು.

"ಆ ಗುಂಪಿನಲ್ಲಿ ಯಾರಿದ್ದರು?" ಎಂದು ಆಕೆ ಕೇಳಿದಳು.

ಕೊರಿಂಥದ ಕಥೆಯೇ ಒಂದು ಬಗೆಯದು. ಕ್ರಿ.ಪೂ. 146ರಲ್ಲಿ ರೋಮನರು ಅದನ್ನು ನೆಲಸಮ ಮಾಡಿದ್ದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ಊರು ಕಟ್ಟಿಸಿದಾಗ ಅಲ್ಲಿ ನೆಲೆಯೂರಿದವರಲ್ಲಿ ಬಹಳ ಮಂದಿ ಬಿಡುಗಡೆಯಾದ ಗುಲಾಮರು. ಎರಡು ಕಡಲುಗಳಿಗೆ ಎರಡು ಬಂದರು: ಪಶ್ಚಿಮಕ್ಕೆ ಲೆಖೈಯೋನ್, ಪೂರ್ವಕ್ಕೆ ಕೆಂಖ್ರೆಯ. ಸರಕು, ಹಣ, ಹಮಾಲರು, ಹೊಸದಾಗಿ ಶ್ರೀಮಂತರಾದವರು. ಪೌಲ ಅಲ್ಲಿ ಒಂದೂವರೆ ವರ್ಷ ಇದ್ದ. ಅವನ ಸಭೆಯಲ್ಲಿ ಕುಲೀನರು, ವಿದ್ಯಾವಂತರು ಹೆಚ್ಚಿಗೆ ಇರಲಿಲ್ಲವೆಂದು ಅವನೇ ಬರೆಯುತ್ತಾನೆ. ಹಾಗಂತ ಎಲ್ಲರೂ ಬಡವರೂ ಅಲ್ಲ. ಪಟ್ಟಣದ ಖಜಾನೆ ನೋಡಿಕೊಳ್ಳುತ್ತಿದ್ದ ಎರಸ್ತನ ಹೆಸರನ್ನೂ, ಕೆಂಖ್ರೆಯದ ಸಭೆಗೆ ಆಸರೆಯಾಗಿದ್ದ ಫೊಯಿಬೆ ಎಂಬ ಮಹಿಳೆಯ ಹೆಸರನ್ನೂ ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಅವನು ಹೇಳುತ್ತಾನೆ.

"ನಮ್ಮಲ್ಲಿ ಎಲ್ಲರೂ ಪೌಲನ ಪತ್ರಿಕೆಯ ಹನ್ನೆರಡನೇ ಅಧ್ಯಾಯ ಓದ್ತಾರೆ, ದೇಹದ ಮಾತು ಬರೋದು ಅಲ್ಲಿ. ಅದರ ಹಿಂದಿನ ಹನ್ನೊಂದನೇ ಅಧ್ಯಾಯದಲ್ಲಿ ಒಂದು ಜಗಳ ಇದೆ, ಅದನ್ನ ಬಿಡ್ತಾರೆ," ಎಂದರು ಮೇಷ್ಟ್ರು. "ಅದು ಊಟದ ಜಗಳ."

ಆ ಕಾಲದಲ್ಲಿ ಚರ್ಚ್ ಕಟ್ಟಡಗಳಿರಲಿಲ್ಲ. ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಎಲ್ಲರೂ ಸೇರಿ ಊಟ ಮಾಡುತ್ತಿದ್ದರು. ರೊಟ್ಟಿ ಮುರಿದು, ದ್ರಾಕ್ಷಾರಸ ಹಂಚಿ, ಯೇಸುವಿನ ಮರಣವನ್ನು ನೆನೆಯುತ್ತಿದ್ದರು. ಆರಾಧನೆ, ಊಟ ಎರಡೂ ಬೇರೆಯಾಗಿರಲಿಲ್ಲ. ರೋಮನ್ ಮನೆಗಳ ಊಟದ ಕೋಣೆಯಲ್ಲಿ ಒರಗಿ ಕೂತು ಉಣ್ಣಲು ಒಂಬತ್ತು ಮಂದಿಗಷ್ಟೇ ಜಾಗ ಇರುವುದು ವಾಡಿಕೆ. ಉಳಿದವರು ಹೊರಗಿನ ಅಂಗಳದಲ್ಲಿ. ಭಾನುವಾರ ರಜೆಯೂ ಅಲ್ಲ. ಅದನ್ನು ಬಿಡುವಿನ ದಿನವೆಂದು ಕಾನ್‌ಸ್ಟಂಟೈನ್ ಆಜ್ಞೆ ಹೊರಡಿಸಿದ್ದು ಕ್ರಿ.ಶ. 321ರಲ್ಲಿ. ಉಳ್ಳವರು ಬೇಗ ಬಂದು ತಾವು ತಂದದ್ದನ್ನು ಉಂಡು, ಕುಡಿದು ಮುಗಿಸುತ್ತಿದ್ದರು. ಒಡೆಯನ ಕೆಲಸ ಮುಗಿಸಿ ಬರುವ ಗುಲಾಮನಿಗೆ, ಬಂದರಿನ ಕೂಲಿಯವನಿಗೆ ಏನೂ ಉಳಿಯುತ್ತಿರಲಿಲ್ಲ. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು ಎಂಬುದು ಪೌಲನ ದೂರಿನ ಸಾರ. ಕೊರಿಂಥದ ಈ ಜಗಳದ ಹಿಂದೆ ಉಳ್ಳವರು, ಇಲ್ಲದವರ ನಡುವಿನ ಅಂತರವಿತ್ತು ಎಂಬುದನ್ನು ಜರ್ಮನಿಯ ವಿದ್ವಾಂಸ ಗೆರ್ಡ್ ಟೈಸೆನ್ 1970ರ ದಶಕದಲ್ಲಿ ವಿವರವಾಗಿ ತೋರಿಸಿಕೊಟ್ಟರು.

ಪಾಳಿಯ ಕೆಲಸ ಮಾಡುವ ಆಕೆಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಾಗಿರಲಿಲ್ಲ. "ಎರಡನೇ ಶಿಫ್ಟ್ ಮುಗಿಸಿ ಬಂದೋರಿಗೆ ಪಾತ್ರೆ ಖಾಲಿ," ಎಂದಳು. "ಅದಕ್ಕೆ ಪೌಲ ಏನಂದ?"

"ಒಬ್ಬರಿಗೊಬ್ಬರು ಕಾದು ಉಣ್ಣಿ ಅಂದ. ಕಾಯದೆ ಉಂಡ್ರೆ ಅದು ಕರ್ತನ ಭೋಜನವೇ ಅಲ್ಲ ಅಂದ. ಆ ದೇಹ ಯಾವುದು ಅಂತ ತಿಳಿಯದೆ ಉಣ್ಣೋನು ತನ್ನ ಮೇಲೆ ತಾನೇ ತೀರ್ಪು ತಂದುಕೊಳ್ತಾನೆ ಅಂತಲೂ ಎಚ್ಚರಿಸಿದ. ದೇಹದ ಮಾತು ಶುರುವಾಗೋದು ಇಲ್ಲಿಂದಮ್ಮ. ಖಾಲಿ ಪಾತ್ರೆಯಿಂದ."

ಹೀಗೆ ನೋಡಿದಾಗ ಹನ್ನೆರಡನೆಯ ಅಧ್ಯಾಯದ ಬಣ್ಣವೇ ಬೇರೆ. ಅಲ್ಲಿ ಪೌಲ ಮೊದಲು ಮಾತಾಡಿಸುವುದು ಪಾದವನ್ನು. ತಾನು ಕೈಯಲ್ಲವಾದ್ದರಿಂದ ದೇಹಕ್ಕೆ ಸೇರಿದವನಲ್ಲವೆಂದು ಪಾದ ಕೊರಗುತ್ತದೆ. ಕಿವಿಗೂ ಅದೇ ಕೊರಗು. ಅವಕ್ಕೆ ಧೈರ್ಯ ಹೇಳಿದ ಮೇಲೆ ಅವನು ಮೇಲಿನ ಅಂಗಗಳ ಕಡೆ ತಿರುಗುತ್ತಾನೆ. ಕಣ್ಣು ಕೈಯನ್ನು, ತಲೆ ಪಾದವನ್ನು ಬೇಡವೆನ್ನುವ ಹಾಗಿಲ್ಲ. ದುರ್ಬಲವಾಗಿ ಕಾಣುವ ಅಂಗಗಳಿಲ್ಲದೆ ನಡೆಯದು. ಮಾನ ಕಡಿಮೆಯೆಂದು ಎಣಿಸುವ ಭಾಗಗಳಿಗೇ ನಾವು ಹೆಚ್ಚು ಮಾನ ಕೊಟ್ಟು ಬಟ್ಟೆ ಹೊದಿಸುತ್ತೇವೆ. ದೇವರು ದೇಹವನ್ನು ಜೋಡಿಸಿರುವುದೂ ಹಾಗೆಯೇ. ಒಂದು ಅಂಗಕ್ಕೆ ನೋವಾದರೆ ಎಲ್ಲಕ್ಕೂ ನೋವು, ಒಂದಕ್ಕೆ ಗೌರವ ಬಂದರೆ ಎಲ್ಲಕ್ಕೂ ಸಂತೋಷ. ಮೆನೇನಿಯಸ್ ಬೆಟ್ಟ ಹತ್ತಿದ್ದು ದುಡಿಯುವ ಕೈಯನ್ನು ಸಮಾಧಾನ ಮಾಡಲು. ಪೌಲ ಎಚ್ಚರಿಸಿದ್ದು ಕಣ್ಣನ್ನು, ತಲೆಯನ್ನು. ಈ ಅಧ್ಯಾಯದಲ್ಲಿ ತಲೆಯೂ ಹತ್ತರಲ್ಲಿ ಒಂದು ಅಂಗವಷ್ಟೇ ಎಂಬುದನ್ನು ಗಮನಿಸಬೇಕು.

ಅದೇ ಕೊರಿಂಥದಲ್ಲಿ ರೋಗ ವಾಸಿಮಾಡುವ ದೇವತೆ ಅಸ್ಕ್ಲೇಪಿಯಸ್‌ನ ಗುಡಿಯಿತ್ತು. ಅಮೆರಿಕದ ಪುರಾತತ್ತ್ವಜ್ಞರು ಅಲ್ಲಿ ಅಗೆದಾಗ ಸುಟ್ಟ ಮಣ್ಣಿನ ಕೈ, ಕಾಲು, ಕಣ್ಣು, ಕಿವಿಗಳು ರಾಶಿಯಾಗಿ ಸಿಕ್ಕವು; ಪೌಲನಿಗಿಂತ ಕೆಲವು ಶತಮಾನ ಹಿಂದಿನ ಹರಕೆಗಳು. ತನ್ನ ಕಾಲಿಗಾಗಿ ಒಬ್ಬ, ತನ್ನ ಕಣ್ಣಿಗಾಗಿ ಇನ್ನೊಬ್ಬ ಒಪ್ಪಿಸಿದ ಬಿಡಿ ಬಿಡಿ ಅಂಗಗಳವು. ಪೌಲ ಬರೆದದ್ದು ಒಂದೇ ದೇಹವಾಗಿ ಕೂಡಿದ ಅಂಗಗಳ ಬಗ್ಗೆ.

ಆಕೆ ಸುಮ್ಮನೆ ಒಪ್ಪಲಿಲ್ಲ. "ನಮ್ಮಲ್ಲೂ ಒಂದು ದೇಹ ಇದೆ ಮೇಷ್ಟ್ರೇ. ಋಗ್ವೇದದ ಹತ್ತನೇ ಮಂಡಲ, ಪುರುಷಸೂಕ್ತ. ಬಾಯಿಂದ ಒಬ್ಬರು, ತೋಳಿಂದ ಒಬ್ಬರು, ತೊಡೆಯಿಂದ ಒಬ್ಬರು, ಪಾದದಿಂದ ಒಬ್ಬರು. ಅದಕ್ಕೆ ಸುಂದರವಾದ ಅರ್ಥ ಹೇಳೋರೂ ಇದಾರೆ, ಎಲ್ಲರೂ ಒಂದೇ ದೇಹ ಅಂತ. ಆದ್ರೆ ಅದೇ ಸೂಕ್ತವನ್ನ ಮುಂದಿಟ್ಟು ಎಷ್ಟು ಶತಮಾನ ಜನರನ್ನ ತುಳಿದ್ರು? ಅಂಬೇಡ್ಕರ್ 1946ರಲ್ಲಿ ಶೂದ್ರರ ಮೂಲದ ಬಗ್ಗೆ ಬರೆದ ಪುಸ್ತಕ ಶುರು ಮಾಡೋದೇ ಈ ಸೂಕ್ತದ ವಿಚಾರಣೆಯಿಂದ. ದೇಹ ಅಂದ ಕೂಡಲೇ ನನಗೆ ಭಯ ಆಗುತ್ತೆ. ಪಾದ ಯಾರು ಅಂತ ಯಾರೋ ಮೊದಲೇ ತೀರ್ಮಾನ ಮಾಡಿರ್ತಾರೆ."

"ಆ ಭಯ ಸರಿಯಾದದ್ದೇ," ಎಂದರು ಮೇಷ್ಟ್ರು. "ನಾನು ಹೇಳೋದು ಇಷ್ಟೆ. ಆ ಸೂಕ್ತದಲ್ಲಿ ಪಾದ ಬಾಯಿ ತೆರೆಯಲ್ಲ. ಪೌಲನಲ್ಲಿ ಮೊದಲು ಮಾತಾಡೋದೇ ಪಾದ. ಹುಟ್ಟಿನಿಂದ ಯಾರೂ ಪಾದ ಆಗಲ್ಲ. ಯಾರಿಗೆ ಯಾವ ವರ ಸಿಕ್ಕಿದೆಯೋ ಅದರಂತೆ ಕೆಲಸ. ನಮ್ಮ ನಾಡಿನಲ್ಲೇ ನೋಡು, ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ಬಡವನ ದೇಹವನ್ನೇ ದೇಗುಲ ಅಂದರು. ಉಳ್ಳವರು ಕಲ್ಲಲ್ಲಿ ಕಟ್ಟಿಸಿದ್ದಕ್ಕಿಂತ ಅದು ಮೇಲು ಅಂದರು. ದೇಹ ಅನ್ನೋದು ತುಳಿಯೋರ ಕೈಗೂ ಸಿಗುತ್ತೆ, ತುಳಿತಕ್ಕೆ ಸಿಕ್ಕೋರ ಕೈಗೂ ಸಿಗುತ್ತೆ."

"ಹಾಗಾದ್ರೆ ಎಫೆಸದವರಿಗೆ ಬರೆದ ಪತ್ರಿಕೆ?" ಆಕೆ ಓದಿಕೊಂಡೇ ಬಂದಿದ್ದಳು. "ಅಲ್ಲಿ ಗಂಡ ತಲೆ, ಹೆಂಡತಿ ಅಧೀನ. ಮುಂದೆ ಗುಲಾಮರು ಒಡೆಯರ ಮಾತು ಕೇಳಬೇಕು ಅಂತಾನೂ ಇದೆ."

ಮೇಷ್ಟ್ರು ತಪ್ಪಿಸಿಕೊಳ್ಳಲು ನೋಡಲಿಲ್ಲ. ಕೊಲೊಸ್ಸೆಯವರಿಗೆ, ಎಫೆಸದವರಿಗೆ ಬರೆದ ಪತ್ರಿಕೆಗಳಲ್ಲಿ ಹೋಲಿಕೆ ಬದಲಾಗುತ್ತದೆ. ಕ್ರಿಸ್ತನೇ ಶಿರಸ್ಸು, ಸಭೆ ಅವನ ದೇಹ. ಈ ಎರಡೂ ಪತ್ರಿಕೆಗಳನ್ನು ಬರೆದದ್ದು ಪೌಲನೋ ಅವನ ಶಿಷ್ಯರೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ಇದೆ. ಶಿರಸ್ಸಿನ ಸ್ಥಾನ ಕ್ರಿಸ್ತನದೇ ಎಂದ ಮೇಲೆ ಬೇರೆ ಯಾರೂ ಅಲ್ಲಿ ಕೂರುವಂತಿಲ್ಲ ಎಂಬ ಅರ್ಥ ಅದರಿಂದ ಹೊರಡಬಹುದಿತ್ತು. ಆದರೆ ಎಫೆಸದವರಿಗೆ ಬರೆದ ಪತ್ರಿಕೆಯಲ್ಲೇ ಆ ಸ್ಥಾನ ಮನೆಯ ಗಂಡಸಿಗೆ ಇಳಿದು ಬಂತು. ಸುಮಾರು ಕ್ರಿ.ಶ. 96ರಲ್ಲಿ ಕೊರಿಂಥದವರು ತಮ್ಮ ಸಭೆಯ ಹಿರಿಯರನ್ನು ಕೆಳಗಿಳಿಸಿದಾಗ ರೋಮಿನ ಸಭೆಯಿಂದ ಒಂದು ಪತ್ರ ಹೋಯಿತು; ಕ್ಲೆಮೆಂಟನ ಹೆಸರಿನಲ್ಲಿ ಉಳಿದುಬಂದಿರುವ ಪತ್ರ ಅದು. ಅದರಲ್ಲಿ ದೇಹದ ಪಕ್ಕದಲ್ಲೇ ಸೈನ್ಯದ ಮಾತು ಬರುತ್ತದೆ: ಸೇನಾಪತಿಯ ಆಜ್ಞೆಯನ್ನು ತಂತಮ್ಮ ಸಾಲಿನಲ್ಲಿ ನಿಂತು ಪಾಲಿಸುವ ಸೈನಿಕರು. ಪಾದಕ್ಕೆ ಅಲ್ಲೂ ಬೆಲೆಯಿದೆ, ಆದರೆ ಒತ್ತು ಶಿಸ್ತಿನ ಮೇಲೆ. ಕೊನೆಗೆ 1302ರಲ್ಲಿ ಎಂಟನೆಯ ಬೋನಿಫೇಸ್ ಪೋಪ್ ಫ್ರಾನ್ಸಿನ ಅರಸನೊಡನೆ ಕಾದಾಡುತ್ತ ಹೊರಡಿಸಿದ ಶಾಸನಪತ್ರದಲ್ಲಿ, ಒಂದು ದೇಹಕ್ಕೆ ಒಂದೇ ತಲೆ, ಕ್ರಿಸ್ತನ ಪ್ರತಿನಿಧಿಯಾಗಿ ಆ ಸ್ಥಾನ ಪೇತ್ರನದು ಮತ್ತು ಅವನ ಉತ್ತರಾಧಿಕಾರಿಯದು ಎಂದು ಸಾರಿದ.

"ಪೌಲ ಬರೆದು ನಲವತ್ತು ಚಿಲ್ಲರೆ ವರ್ಷಕ್ಕೇ ಸೈನ್ಯ ಬಂದುಬಿಡ್ತು," ಎಂದಳು ಆಕೆ.

"ಬಂತು," ಎಂದರು ಮೇಷ್ಟ್ರು. "ಆದರೆ ಪೌಲನ ಕಾಗದ ಹರಿದುಹೋಗಲಿಲ್ಲ. ಸೈನ್ಯ ಅಂದೋರ ಕೈಯಲ್ಲೂ ಅದೇ ಕಾಗದ ಇತ್ತು. ಯಾವತ್ತಾದರೂ ಒಬ್ಬ ಅದನ್ನ ಓದಿ ಪ್ರಶ್ನೆ ಕೇಳಬಹುದಿತ್ತು."

ಅಂಥ ಪ್ರಶ್ನೆಗಳು ದಕ್ಷಿಣ ಭಾರತದಲ್ಲಿ ಎದ್ದದ್ದು ಜಾತಿಯ ವಿಷಯದಲ್ಲಿ. ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ದಕ್ಷಿಣದ ಸಭೆಗಳಿಗೆ ಪತ್ರ ಬರೆದು, ಸಭೆಯೊಳಗೆ ಜಾತಿಭೇದ ಕೂಡದು, ಕೂರುವ ಜಾಗದಲ್ಲಾಗಲಿ ಕರ್ತನ ಭೋಜನದಲ್ಲಾಗಲಿ ಮೊದಲು ನಂತರ ಎಂಬುದು ಇರಬಾರದು ಎಂದು ಕಟ್ಟುನಿಟ್ಟು ಮಾಡಿದರು. ಮದರಾಸಿನ ವೇಪೇರಿಯಲ್ಲಿ, ತಂಜಾವೂರಿನಲ್ಲಿ ಮೇಲುಜಾತಿಯ ಎಷ್ಟೋ ಕುಟುಂಬಗಳು ಸಭೆ ಬಿಟ್ಟು ಹೊರನಡೆದವು. ತಂಜಾವೂರಿನ ಹೆಸರಾಂತ ಕವಿ ವೇದನಾಯಗಂ ಶಾಸ್ತ್ರಿಗಳೂ ಈ ಆಜ್ಞೆಯನ್ನು ವಿರೋಧಿಸಿದವರಲ್ಲಿ ಒಬ್ಬರು.

ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ ನಡೆದದ್ದು ಇನ್ನೂ ಸ್ಪಷ್ಟ. ಅಲ್ಲಿನ ಪವಿತ್ರ ಕುಟುಂಬದ ಕಥೋಲಿಕ ಚರ್ಚನ್ನು ಎರಡು ಕವಲಾಗಿ ಕಟ್ಟಿದರು. 1872ರ ಹೊತ್ತಿಗೆ ಕಟ್ಟಡ ಮುಗಿಯಿತು. ಒಂದು ಕವಲಿನಲ್ಲಿ ವೆಳ್ಳಾಳರು ಮತ್ತು ಅವರೊಡನೆ ಸೇರಿದವರು, ಇನ್ನೊಂದರಲ್ಲಿ ನಾಡಾರರು, ನಡುವೆ ಗೋಡೆ. ಎರಡೂ ಕವಲು ಕೂಡುವ ತುದಿಯಲ್ಲಿ ಬಲಿಪೀಠ. ಪಾದ್ರಿ ಒಬ್ಬರೇ, ರೊಟ್ಟಿ ಒಂದೇ. ಆದರೆ ಈ ಕಡೆಯವರ ಮುಖ ಆ ಕಡೆಯವರಿಗೆ ಕಾಣದು. 1910ರಲ್ಲಿ ಗೋಡೆಯನ್ನು ಕೆಡವಿದರು. ತಮ್ಮ ಪ್ರತ್ಯೇಕ ಹಕ್ಕು ಹೋಯಿತೆಂದು ಮೇಲುಜಾತಿಯವರು ಬಿಷಪರ ಮೇಲೆಯೇ ಮೊಕದ್ದಮೆ ಹೂಡಿದರು. ಮದರಾಸು ಹೈಕೋರ್ಟಿನವರೆಗೂ ಹೋದ ಆ ಮೊಕದ್ದಮೆಯಲ್ಲಿ 1916ರಲ್ಲಿ ಅವರು ಸೋತರು.

"ಅಂದ್ರೆ ಒಂದೇ ದೇಹ ಅಂತ ಓದ್ತಾ ಓದ್ತಾನೇ ನಡುವೆ ಗೋಡೆ ಕಟ್ಟಿದ್ರು," ಎಂದು ಆಕೆ ಕೇಳಿದಳು. "ಕೋರ್ಟು ಹೇಳೋವರೆಗೂ ಸುಮ್ಮನಿರಲಿಲ್ಲ. ಈಗ ಎಲ್ಲ ಸರಿಹೋಗಿದೆಯಾ?"

ಹೋಗಿಲ್ಲ. ಅದನ್ನು ಹೇಳಿದ್ದು ಹೊರಗಿನ ಟೀಕಾಕಾರರಷ್ಟೇ ಅಲ್ಲ. ಭಾರತದ ಕಥೋಲಿಕ ಬಿಷಪರ ಸಮ್ಮೇಳನ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ಧರ್ಮಸಭೆಯೊಳಗೆ ಅಸ್ಪೃಶ್ಯತೆಯ ಆಚರಣೆಗಳು ಉಳಿದಿವೆ ಎಂದು ತಾನೇ ಒಪ್ಪಿಕೊಂಡಿತು. ತಮಿಳುನಾಡಿನ ಕೆಲವು ಊರುಗಳಲ್ಲಿ ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನ, ಅಥವಾ ಒಂದೇ ಸ್ಮಶಾನದ ನಡುವೆ ಗೋಡೆ ಇರುವುದು ತಿಳಿದ ವಿಷಯ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆಯೂ ಇಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ಸಿಕ್ಕಿದೆ.

ಕನ್ನಡನಾಡಿನ ಒಂದು ಪ್ರಯತ್ನವನ್ನೂ ಮೇಷ್ಟ್ರು ನೆನೆದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜಾತಿಯನ್ನು ಬಿಟ್ಟು ಬಂದವರನ್ನಷ್ಟೇ ಸಭೆಗೆ ಸೇರಿಸಿಕೊಳ್ಳುತ್ತಿತ್ತು. ಬಿಟ್ಟು ಬಂದವರಿಗೆ ಜಾತಿಯ ಜೊತೆಗೆ ಕಸುಬೂ ಹೋಯಿತು, ಗೇಣಿಯ ನೆಲವೂ ಹೋಯಿತು. ಒಂದೇ ದೇಹ ಎಂದು ಕರೆದ ಮೇಲೆ ಆ ದೇಹಕ್ಕೆ ಅನ್ನ ಹುಟ್ಟಿಸಬೇಕಲ್ಲ. ಮಿಷನ್ ನೇಯ್ಗೆ ಶುರುಮಾಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು.

"ಮಾಲೀಕರು ಯಾರು?" ಎಂದು ಆಕೆ ತಟ್ಟನೆ ಕೇಳಿದಳು.

"ಮಿಷನ್ನೇ ಮಾಲೀಕರು. ಸಭೆಯವರೇ ಕೂಲಿಯವರು. ಅಲ್ಲಿಗೂ ನಿನ್ನ ಪ್ರಶ್ನೆ ಮುಗಿಯಲ್ಲ ಬಿಡು. ಆದರೆ ಹಸಿದ ಅಂಗವನ್ನ ಹಸಿವಿಗೇ ಬಿಡಲಿಲ್ಲ, ಅ‌ಷ್ಟು ಹೇಳಬೇಕು."

ಹೊಸೂರು, ಕೃಷ್ಣಗಿರಿಗಳ ಸೀಮೆಯಲ್ಲೇ ಈ ದೇಹ ಹಲವು ಭಾಗವಾಗಿದೆ. ಇಲ್ಲಿನ ಕಥೋಲಿಕರು 1997ರ ಜನವರಿ 24ರಂದು ರಚನೆಯಾದ ಧರ್ಮಪುರಿ ಧರ್ಮಪ್ರಾಂತ್ಯಕ್ಕೆ ಸೇರುತ್ತಾರೆ. ಕೃಷ್ಣಗಿರಿಗೆ 1895ರಲ್ಲಿ ಥಿಯೋಡೋರ್ ನೇಥರ್ ಎಂಬ ಲೂಥರನ್ ಮಿಷನರಿ ಬಂದ. ಬೈಬಲಿನ ದೈವಪ್ರೇರಣೆಯ ವಿವಾದದಲ್ಲಿ ಅವನು ಜರ್ಮನಿಯ ಲೀಪ್‌ಜಿಗ್ ಮಿಷನ್ ತೊರೆದು ಅಮೆರಿಕದ ಮಿಸ್ಸೌರಿ ಸಿನಡ್ ಸೇರಿದ್ದವನು. ಆ ಸಿನಡ್ ಭಾರತದಲ್ಲಿ ಮಾಡಿದ ಕೆಲಸಕ್ಕೆ ಕೃಷ್ಣಗಿರಿಯೇ ಮೊದಲ ನೆಲೆ. 1904ರಲ್ಲಿ ಪ್ಲೇಗಿನಿಂದ ಅವನು ಅಲ್ಲಿಯೇ ತೀರಿಕೊಂಡ. ಯುರೋಪಿನ ವಾದವೊಂದು ಹೀಗೆ ಬೆಟ್ಟದ ಬುಡದ ಈ ಊರಿಗೆ ಬಂದು ಬೇರೂರಿತು.

ಒಡೆದದ್ದನ್ನು ಕೂಡಿಸುವ ದೊಡ್ಡ ಪ್ರಯತ್ನವೂ ದಕ್ಷಿಣದಲ್ಲೇ ನಡೆಯಿತು. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಸೇರಿದ ಬೋಧಕರು, ಅವರಲ್ಲಿ ಹೆಚ್ಚಿನವರು ಭಾರತೀಯರು, ಪಶ್ಚಿಮದಿಂದ ಬಂದ ಭೇದಗಳು ತಮ್ಮ ಮೇಲೆ ಹೊರಿಸಿದವು ಎಂದು ಹೇಳಿ ಒಂದಾಗುವ ಹೇಳಿಕೆ ಹೊರಡಿಸಿದರು. ಮುಂದೆ ನಿಂತವರು ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ. ಮಾತುಕತೆ ಇಪ್ಪತ್ತೆಂಟು ವರ್ಷ ನಡೆದು, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಕಾಂಗ್ರಿಗೇಶನಲ್, ಪ್ರೆಸ್ಬಿಟೀರಿಯನ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಎಂದರೆ ಸಿ.ಎಸ್.ಐ. ಆಯಿತು. ಬಿಷಪರ ಆಡಳಿತ ಇರುವ ಸಭೆಗಳೂ ಇಲ್ಲದ ಸಭೆಗಳೂ ಹಾಗೆ ಒಂದಾದದ್ದು ಜಗತ್ತಿಗೇ ಹೊಸದು. ಅಜರಯ್ಯ ಅದನ್ನು ನೋಡಲಿಲ್ಲ. 1945ರ ಮೊದಲ ದಿನ ತೀರಿಕೊಂಡಿದ್ದರು. ಲೂಥರನ್ನರು ಒಕ್ಕೂಟದ ಹೊರಗೇ ಉಳಿದರು.

"ಆಡಳಿತ ಒಂದಾದ್ರೆ ದೇಹ ಒಂದಾಯ್ತಾ?" ಎಂದಳು ಆಕೆ. "ಕಂಪನಿಗಳೂ ವಿಲೀನ ಆಗ್ತಾವೆ. ಒಂದೇ ದೇಹ ಅನ್ನೋದು ಹೇಗೆ ಗೊತ್ತಾಗಬೇಕು? ಗುರುತು ಏನು?"

ಈ ಪ್ರಶ್ನೆಗೆ ಮೇಷ್ಟ್ರು ಕೊಟ್ಟ ಉತ್ತರ ದೇವಶಾಸ್ತ್ರದ್ದಲ್ಲ, ವೈದ್ಯರೊಬ್ಬರದು. 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಬಾಲ್ಯ ಕಳೆದದ್ದು ಕೊಲ್ಲಿಮಲೆಯಲ್ಲಿ. ತಂದೆ ಜೆಸ್ಸಿ ಬ್ರ್ಯಾಂಡ್ ಆ ಬೆಟ್ಟದ ಜನರ ನಡುವೆ ದುಡಿದು 1929ರಲ್ಲಿ ಜ್ವರದಿಂದ ತೀರಿಕೊಂಡರು; ತಾಯಿ ಎವೆಲಿನ್ ಮುಪ್ಪಿನಲ್ಲೂ ಬೆಟ್ಟಗಳನ್ನು ಬಿಡಲಿಲ್ಲ. ಶಸ್ತ್ರವೈದ್ಯನಾದ ಮಗ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಗಳನ್ನು ಪರೀಕ್ಷಿಸತೊಡಗಿದರು. ಕುಷ್ಠ ಬಂದರೆ ಮಾಂಸ ತಾನಾಗಿ ಕೊಳೆತು ಬೆರಳು ಉದುರುತ್ತದೆ ಎಂಬುದು ಅಲ್ಲಿಯವರೆಗಿನ ನಂಬಿಕೆ. ಬ್ರ್ಯಾಂಡ್ ಕಂಡುಕೊಂಡದ್ದು ಬೇರೆ. ರೋಗಾಣು ನರಗಳನ್ನು ಕೆಡಿಸುತ್ತದೆ, ನೋವು ತಿಳಿಯದಂತಾಗುತ್ತದೆ, ಉಳಿದ ಹಾನಿಯೆಲ್ಲ ಆಮೇಲಿನದು. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯುತ್ತಾರೆ, ಮೊಳೆ ತುಳಿದು ನಡೆಯುತ್ತಾರೆ, ರಾತ್ರಿ ಇಲಿ ಬೆರಳು ಕಡಿದರೂ ಎಚ್ಚರವಾಗುವುದಿಲ್ಲ. ಸ್ನಾಯುರಜ್ಜುಗಳನ್ನು ಬದಲಿಸಿ ಜೋಡಿಸಿ ಮುದುಡಿದ ಕೈ ಮತ್ತೆ ಬಿಚ್ಚುವಂತೆ ಮಾಡಿದ ಶಸ್ತ್ರಚಿಕಿತ್ಸೆಯಿಂದ ಅವರು ಜಗತ್ತಿಗೆ ಪರಿಚಿತರಾದರು. ನೋವು ಹೋದ ಕೈಯನ್ನು ರೋಗಿಗಳು ತಮ್ಮದೆಂದೇ ಭಾವಿಸುವುದಿಲ್ಲ, ಯಾವುದೋ ಉಪಕರಣದಂತೆ ಬಳಸುತ್ತಾರೆ ಎಂಬುದನ್ನೂ ಅವರು ಗಮನಿಸಿದರು. ಫಿಲಿಪ್ ಯಾನ್ಸಿಯವರೊಡನೆ 1980ರಲ್ಲಿ ಹೊರತಂದ 'ಫಿಯರ್‌ಫುಲ್ಲಿ ಅಂಡ್ ವಂಡರ್‌ಫುಲ್ಲಿ ಮೇಡ್' ಪುಸ್ತಕದಲ್ಲಿ ಈ ಅನುಭವವನ್ನು ಪೌಲನ ದೇಹದ ಮಾತಿಗೆ ನೇರವಾಗಿ ಜೋಡಿಸಿದರು.

"ಪ್ರೆಸ್ ಮೆಷಿನ್ ಮೇಲೆ ಕೆಲಸ ಮಾಡೋರಿಗೆ ಇದು ಗೊತ್ತು," ಎಂದಳು ಆಕೆ. "ಚುರುಕ್ ಅಂದ್ರೆ ಕೈ ತಾನಾಗೇ ಹಿಂದಕ್ಕೆ ಬರುತ್ತೆ. ಬರದಿದ್ರೆ ಬೆರಳು ಹೋದಂಗೆ."

"ಗುರುತು ಕೇಳಿದೆಯಲ್ಲ, ಅದೇ ಗುರುತು," ಎಂದರು ಮೇಷ್ಟ್ರು. "ಒಂದು ಅಂಗಕ್ಕೆ ನೋವಾದಾಗ ಉಳಿದವಕ್ಕೆ ಗೊತ್ತಾಗುತ್ತಾ ಅನ್ನೋದು. ತಲೆ ಯಾರು ಅನ್ನೋ ಜಗಳದಲ್ಲಿ ಸಾವಿರ ವರ್ಷ ಕಳೆದೆವು. ಕೊರಿಂಥದೋರಿಗೆ ಪೌಲ ಕೇಳಿದ್ದು ತಲೆ ಯಾರು ಅಂತಲ್ಲ. ಹಸಿದು ಕೂತಿರೋರು ನಿಮಗೆ ಕಾಣ್ತಾ ಇಲ್ಲವಾ ಅಂತ."

ಅದಕ್ಕೆ ಹಿನ್ನೆಲೆಯೂ ಇದೆ. ಸಭೆಯನ್ನು ಹಿಂಸಿಸಲು ದಮಸ್ಕಕ್ಕೆ ಹೊರಟಿದ್ದ ಸೌಲನಿಗೆ ದಾರಿಯಲ್ಲಿ ಕೇಳಿದ ದನಿ, ನನ್ನ ಜನರನ್ನೇಕೆ ಹಿಂಸಿಸುವೆ ಎನ್ನದೆ, ಪೆಟ್ಟು ತನಗೇ ಬಿದ್ದಿತೆಂಬಂತೆ ಮಾತಾಡಿತು ಎಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಆ ಸೌಲನೇ ಪೌಲನಾದ. ದೇಹದ ಕಲ್ಪನೆಯ ಬೇರು ಅಲ್ಲಿದೆ ಎನ್ನುವ ವ್ಯಾಖ್ಯಾನಕಾರರು ಹಲವರಿದ್ದಾರೆ.

ಆಕೆ ಕೊನೆಯವರೆಗೂ ತನ್ನ ಆಕ್ಷೇಪವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದೇಹದ ಹೋಲಿಕೆಯನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಮೊದಲು ನೋಡಬೇಕು. ಮೇಲಿನವರು ಕೆಳಗಿನವರಿಗೆ ಹೇಳಿದರೆ ಅದು ಮೆನೇನಿಯಸ್ಸನ ಕಥೆ, ಕೆಳಗಿನವರ ಪರವಾಗಿ ಮೇಲಿನವರಿಗೆ ಹೇಳಿದರೆ ಮಾತ್ರ ಪೌಲನ ಮಾತು ಎಂದಳು. ಮೇಷ್ಟ್ರು ಈ ಷರತ್ತನ್ನು ಒಪ್ಪಿದರು. ಅದನ್ನು ಒಪ್ಪದೆ ಎರಡು ಸಾವಿರ ವರ್ಷದ ಈ ಹೋಲಿಕೆಯನ್ನು ಪ್ರಾಮಾಣಿಕವಾಗಿ ಉಳಿಸಿಕೊಳ್ಳಲು ಸಾಧ್ಯವೂ ಇಲ್ಲ.

ಸಭೆಗಳಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯನ್ನು ಓದುವ ಬೋಧಕರು ಇನ್ನು ಮುಂದೆ ಹನ್ನೊಂದನೆಯ ಅಧ್ಯಾಯವನ್ನೂ ಹನ್ನೆರಡನೆಯದನ್ನೂ ಒಂದೇ ಉಸಿರಿನಲ್ಲಿ ಓದಲಿ. ತಡವಾಗಿ ಬಂದ ಕೂಲಿಯವನ ಹಸಿವನ್ನು ಬಿಟ್ಟು ದೇಹದ ಮಾತಾಡದಿರಲಿ. ಎರಡು ಸ್ಮಶಾನ ಇಟ್ಟುಕೊಂಡಿರುವ ಊರುಗಳ ಸಭೆಗಳು ಆ ಅಧ್ಯಾಯ ಓದುವುದಕ್ಕೆ ಮೊದಲು ನಡುವಿನ ಗೋಡೆ ತೆಗೆಯಲಿ. ಅದು ಆಗದ ಕೆಲಸವಲ್ಲ. ವಡಕ್ಕನ್‌ಕುಳಂನಲ್ಲಿ 1910ರಲ್ಲೇ ಮಾಡಿ ತೋರಿಸಿದ್ದಾರೆ.